ನೇತ್ರಾಣಿಯ ನೀರು ಯಾರದು?

ಮುರುಡೇಶ್ವರದ ದಂಡೆಯಿಂದ ಪಡುವಣಕ್ಕೆ ಸುಮಾರು 19 ಕಿಲೋಮೀಟರು ಹೋದರೆ ನೇತ್ರಾಣಿ ಎಂಬ ನಡುಗಡ್ಡೆ ಸಿಗುತ್ತದೆ. ಇಳಿಯಲು ಮರಳ ದಡವಿಲ್ಲ. ಸುತ್ತಲೂ ಕಡಿದಾದ ಬಂಡೆ, ಮೇಲೆ ಕಾಡು, ಕಾಡಿನಲ್ಲಿ ಮೇಕೆಗಳು. ತಲೆಮಾರುಗಳಿಂದ ನಮ್ಮ ಕರಾವಳಿಯ ಮೀನುಗಾರನಿಗೆ ಇದು ದಿಕ್ಕು ತೋರುವ ಗುರುತು, ಬಲೆ ಬಿಡುವ ಜಾಗ, ಕೈಮುಗಿಯುವ ತಾಣ. ಈಚಿನ ವರ್ಷಗಳಲ್ಲಿ ಇದು ಇನ್ನೊಂದು ಸಂಗತಿಯೂ ಆಗಿದೆ. ಮಳೆಗಾಲ ಮುಗಿದು ನೀರು ತಿಳಿಯಾದೊಡನೆ ಬೆಂಗಳೂರು, ಹುಬ್ಬಳ್ಳಿ, ಗೋವೆಗಳಿಂದ ಬಂದ ಜನ ಬೆಳಿಗ್ಗೆ ದೋಣಿ ಹತ್ತುತ್ತಾರೆ. ಕಣ್ಣು ಮೂಗು ಮುಚ್ಚುವ ಗಾಜಿನ ಮುಖವಾಡ ಕಟ್ಟಿಕೊಂಡು, ಬಾಯಿಗೆ ಉಸಿರಿನ ಕೊಳವೆ ಕಚ್ಚಿಕೊಂಡು, ಮಾರ್ಗದರ್ಶಕನ ಹಿಂದೆ ನೀರ ಮೇಲೆ ಬೋರಲಾಗಿ ತೇಲಿ ಕಡಲ ತಳವನ್ನು ನೋಡುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ದಡಕ್ಕೆ ಮರಳುತ್ತಾರೆ. ಇದಕ್ಕೆ ಸ್ನಾರ್ಕೆಲಿಂಗ್ ಎಂದು ಹೆಸರು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಆಳಕ್ಕಿಳಿಯುವ ಸ್ಕೂಬಾ ಬೇರೆ. ಅದರ ದರವೂ ಬೇರೆ.

ಕಳೆದ ಫೆಬ್ರವರಿಯಲ್ಲಿ ನಾವೂ ಒಂದು ದಿನ ಹೋಗಿಬಂದೆವು. ಹೊರಟ ಸುದ್ದಿ ಕೇಳಿ ಕಚೇರಿಯಲ್ಲಿ ಕೆಲವು ಸಂಗಾತಿಗಳು ನಕ್ಕರು. ‘ಸಮಾಜವಾದಿಗಳಿಗೆ ಜಲಕ್ರೀಡೆ ಎಂದಿನಿಂದ?’ ಎಂದು ಒಬ್ಬರು ಕೇಳಿದರು. ಹಸಿದವರ ಪರ ಮಾತಾಡುವವರು ಹವಳ ನೋಡಬಾರದೆಂದು ಯಾವ ಪ್ರಣಾಳಿಕೆಯಲ್ಲೂ ಬರೆದದ್ದು ನಮಗೆ ಕಂಡಿಲ್ಲ. ನೋಡಿದ್ದು ಒಳ್ಳೆಯದೇ ಆಯಿತು. ನೋಡದೆ ಇದ್ದಿದ್ದರೆ ಈ ಲೇಖನ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಮೊದಲು ಕಂಡದ್ದನ್ನು ಹೇಳಿಬಿಡೋಣ. ದೋಣಿ ದ್ವೀಪದ ಮರೆಗೆ ಬಂದು ನಿಂತಾಗ ನಮ್ಮ ಎದೆ ಸ್ವಲ್ಪ ಹೊಡೆದುಕೊಂಡದ್ದು ನಿಜ. ಮಾರ್ಗದರ್ಶಕ ನಮ್ಮ ಜಿಲ್ಲೆಯದೇ ಹುಡುಗ. ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಎರಡು ಸಲ ಎಳೆದು ನೋಡಿ, ‘ಮೂಗನ್ನು ಮರೆತುಬಿಡಿ ಸರ್, ಬಾಯಲ್ಲೇ ನಿಧಾನ ಉಸಿರಾಡಿ’ ಎಂದ. ಮೊದಲ ಎರಡು ನಿಮಿಷ ಕೊಳವೆಯೊಳಗೆ ಉಪ್ಪುನೀರು ನುಗ್ಗಿ ಕೆಮ್ಮಿದ್ದೇ ಕೆಮ್ಮಿದ್ದು. ಆಮೇಲೆ ಉಸಿರು ಹದಕ್ಕೆ ಬಂತು. ಮುಖವನ್ನು ನೀರಿಗಿಟ್ಟರೆ, ಮೇಲಿಂದ ಬರೀ ನೀಲಿ ಕಾಣುತ್ತಿದ್ದ ಕಡಲಿನ ಕೆಳಗೆ ಒಂದು ಊರೇ ಇತ್ತು. ಬಂಡೆಯ ಮೈಗೆ ಹತ್ತಿದ ಹವಳಗಳು, ಕೆಲವು ದೊಡ್ಡ ಮಡಕೆ ಕವುಚಿದಂತೆ, ಕೆಲವು ತಟ್ಟೆಯಂತೆ. ಹಳದಿ ಪಟ್ಟೆಯ ಚಿಟ್ಟೆಮೀನುಗಳು ಜೋಡಿಜೋಡಿಯಾಗಿ ಸುಳಿಯುತ್ತಿದ್ದವು. ಗಿಳಿಯ ಕೊಕ್ಕಿನಂಥ ಬಾಯಿಯ ಗಿಳಿಮೀನು ಕಲ್ಲನ್ನು ಕಡಿಯುವ ಸದ್ದು ನೀರಿನಲ್ಲಿ ನಮ್ಮ ಕಿವಿಗೇ ಕೇಳಿಸಿತು. ಅರ್ಧ ತಾಸು ಯಾರೊಡನೆಯೂ ಮಾತಿಲ್ಲದೆ ತೇಲಿದೆವು. ಪತ್ರಿಕೆಯವರಿಗೆ ಅದೇ ಒಂದು ದೊಡ್ಡ ಸಾಧನೆ.

ಹವಳವೆಂದರೆ ಕಲ್ಲೆಂದು ತಿಳಿದವರು ನಮ್ಮಲ್ಲಿ ಬಹಳ. ಅದು ಜೀವಿ. ಸೂಜಿಯ ತಲೆಯಷ್ಟಿನ ಲಕ್ಷಾಂತರ ಪ್ರಾಣಿಗಳು ಒಟ್ಟಿಗೆ ಸೇರಿ, ತಮ್ಮ ಕೆಳಗೆ ಸುಣ್ಣವನ್ನು ಇಟ್ಟುಕೊಳ್ಳುತ್ತ ಕಟ್ಟಿದ ಮನೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಾಗಿದ್ದು, ಬಿಸಿಲಿನಿಂದ ಆಹಾರ ಮಾಡಿ ಮನೆಯೊಡೆಯನಿಗೂ ಉಣಿಸುತ್ತದೆ. ಬಣ್ಣ ಕೊಡುವುದೂ ಅದೇ. ಗುಂಡುಗಲ್ಲಿನಂಥ ಹವಳ ಬೆಳೆಯುವುದು ವರುಷಕ್ಕೆ ಸುಮಾರು ಒಂದು ಸೆಂಟಿಮೀಟರು. ಎಂದರೆ ಒಂದು ಮೊಳದ ಹವಳಕ್ಕೆ ನಮ್ಮಲ್ಲನೇಕರ ವಯಸ್ಸಿದೆ. ನಮ್ಮೊಡನೆ ಬಂದಿದ್ದ ಒಬ್ಬ ಮಹನೀಯರು ಮುಖವಾಡ ಸರಿಪಡಿಸಿಕೊಳ್ಳಲು ಅಂಥದೊಂದರ ಮೇಲೆ ನೆಟ್ಟಗೆ ನಿಂತರು. ಹುಡುಗ ಕೂಗಿಕೊಂಡ. ಅವರು, ‘ದುಡ್ಡು ಕೊಟ್ಟಿದ್ದೇನೆ’ ಎಂದರು. ಹವಳವು ವನ್ಯಜೀವಿ ಕಾನೂನಿನ ಮೊದಲನೆಯ ಪಟ್ಟಿಗೆ 2001ರಲ್ಲೇ ಸೇರಿದೆ. ಹುಲಿಗೆ ಇರುವ ರಕ್ಷಣೆ ಕಾಗದದ ಮೇಲೆ ಅದಕ್ಕೂ ಇದೆ. ಹುಲಿಯ ಬೆನ್ನ ಮೇಲೆ ನಿಂತು ಕನ್ನಡಕ ಒರೆಸಿಕೊಂಡವರನ್ನು ನಾವು ಇದುವರೆಗೆ ಕಂಡಿಲ್ಲ.

ಇನ್ನು ನಮ್ಮ ಮನಸ್ಸನ್ನು ಕೊರೆಯುತ್ತಿರುವ ಸಂಗತಿಗೆ ಬರೋಣ.

ದೋಣಿ ನಡೆಸುತ್ತಿದ್ದ ತಾಂಡೇಲರಿಗೆ ಅರುವತ್ತು ದಾಟಿದೆ. ಹುಡುಗನಾಗಿದ್ದಾಗ ತಂದೆಯ ಜೊತೆ ರಂಪಣಿಯ ಹಗ್ಗ ಎಳೆದವರು. ಆಮೇಲೆ ನಾಲ್ಕು ದಶಕ ನೇತ್ರಾಣಿಯ ಸುತ್ತ ಬಲೆ ಬಿಟ್ಟವರು. ದ್ವೀಪದ ಯಾವ ಮಗ್ಗುಲಲ್ಲಿ ಯಾವ ತಿಂಗಳು ಸೆಳೆತ ತಿರುಗುತ್ತದೆ, ಗಾಳಿ ಯಾವ ಕಡೆಗೆ ಹೊರಳಿದರೆ ಎಷ್ಟು ಹೊತ್ತಿನಲ್ಲಿ ಮರಳಬೇಕು, ಇಸ್ವಾಣ ಎಲ್ಲಿ ಸುತ್ತುತ್ತದೆ ಎಂಬುದೆಲ್ಲ ಅವರ ತಲೆಯಲ್ಲಿದೆ. ಆ ದಿನ ದೋಣಿಯಲ್ಲಿದ್ದ ಇಪ್ಪತ್ತು ಚಿಲ್ಲರೆ ಮಂದಿಯ ಜೀವ ನಿಂತಿದ್ದು ಆ ತಲೆಯ ಮೇಲೆ. ಹಿಂತಿರುಗುವ ಮುಂಚೆ ಬಿಡುವಾದಾಗ ನಾವು ಕೇಳಿದೆವು:

‘ತಾಂಡೇಲರೇ, ಕೆಳಗೆ ನೀವು ನೋಡಿದ್ದೀರಾ?’

‘ಎಲ್ಲಿಂದ ನೋಡೂದು ಮಾಸ್ತರೇ? ಬಲೆಗೆ ಬಂದದ್ದು ನೋಡೇನೆ. ಕೆಳಗೆ ಹ್ಯಾಂಗದೆ ಅಂತ ನಿಮ್ಮಂಥವರು ಹೇಳಿದ್ದು ಕೇಳೇನೆ.’

ನಮ್ಮ ಮುಖವಾಡವನ್ನು ಬಿಚ್ಚಿ ಅವರ ಕೈಗೆ ಕೊಟ್ಟೆವು. ಸಂಸ್ಥೆಯ ಕಡೆಯ ತರುಣ ಮೇಲ್ವಿಚಾರಕ ಕೂಡಲೆ ಬಂದು ಅದನ್ನು ಮರಳಿ ತೆಗೆದುಕೊಂಡ. ಒರಟಾಗಿ ಅಲ್ಲ, ನಗುತ್ತಲೇ. ‘ಅದು ಗಿರಾಕಿಗಳ ಸಾಮಾನು ಸರ್. ಮತ್ತೆ ದೋಣಿ ಬಿಟ್ಟು ಅವರು ಇಳಿಯುವ ಹಾಗಿಲ್ಲ.’ ಎರಡನೆಯ ಮಾತು ನ್ಯಾಯವಾದದ್ದೇ. ಜನ ನೀರಿನಲ್ಲಿರುವಾಗ ದೋಣಿಯ ಚುಕ್ಕಾಣಿ ಬಿಟ್ಟು ತಾಂಡೇಲನು ಇಳಿಯಕೂಡದು. ಈ ನಿಯಮವನ್ನು ಮುರಿಯಿರೆಂದು ನಾವು ಹೇಳುವುದಿಲ್ಲ. ಆದರೆ ಈ ಕೆಲಸಕ್ಕೆ ಸೇರಿದ ಇಷ್ಟು ವರುಷಗಳಲ್ಲಿ, ಗಿರಾಕಿಗಳಿಲ್ಲದ ಒಂದು ದಿನ, ಒಂದು ತಾಸು, ‘ಬನ್ನಿ, ನೀವೂ ನೋಡಿ’ ಎಂದು ಅವರನ್ನು ಕರೆದವರು ಒಬ್ಬರೂ ಇಲ್ಲ. ಇದಕ್ಕೆ ಯಾವ ಸುರಕ್ಷತೆಯ ನಿಯಮ ಅಡ್ಡ ಬಂದಿತ್ತು? ಅವರ ಮೊಮ್ಮಗಳು ಹೈಸ್ಕೂಲಿನಲ್ಲಿ ಓದುತ್ತಿದ್ದಾಳೆ. ಆಸ್ಟ್ರೇಲಿಯದ ಹವಳದ ದಂಡೆಯ ಹೆಸರು ಅವಳಿಗೆ ಬಾಯಿಪಾಠ. ತನ್ನ ಅಜ್ಜನ ದೋಣಿಯ ಕೆಳಗೇ ಹವಳವಿದೆ ಎಂಬುದು ಅವಳ ಪುಸ್ತಕದಲ್ಲಿಲ್ಲ.

ದಿನದ ಕೂಲಿ ಎಷ್ಟೆಂದು ಕೇಳಿದೆವು. ಹೇಳಿದರು. ನಾವೊಬ್ಬರು ತೆತ್ತ ಟಿಕೆಟಿನ ಅರ್ಧಕ್ಕೂ ಕಡಿಮೆ. ಗಿರಾಕಿ ಬಾರದ ದಿನ ಅದೂ ಇಲ್ಲ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತಿಲ್ಲ, ಮಳೆಗಾಲ ಪೂರ್ತಿ ಪ್ರವಾಸವೂ ಇಲ್ಲ. ಆಗ ಏನು ಮಾಡುತ್ತೀರೆಂದು ನಾವು ಕೇಳಲಿಲ್ಲ. ಕೆಲವು ಪ್ರಶ್ನೆ ಕೇಳುವುದೂ ಅಪಮಾನ.

ಸಂಸ್ಥೆಗಳ ಮೇಲೆ ಸುಮ್ಮನೆ ಕೆಸರೆರಚುವುದು ನಮ್ಮ ಉದ್ದೇಶವಲ್ಲ. ಅವರು ಬಂಡವಾಳ ಹಾಕಿದ್ದಾರೆ. ಸಿಲಿಂಡರು, ಗಾಳಿ ತುಂಬುವ ಯಂತ್ರ, ತರಬೇತಿಯ ಖರ್ಚು ಅಗ್ಗವಲ್ಲ. ನಮ್ಮ ಜಿಲ್ಲೆಯ ಕೆಲವು ಹುಡುಗರಿಗೆ ಈಜು, ಮುಳುಗು, ಪ್ರಾಣ ಉಳಿಸುವ ವಿದ್ಯೆ ಕಲಿಸಿದ್ದಾರೆ. ಹವಳದ ಮೇಲೆ ನಿಂತವರನ್ನು ಗದರಿದ ಆ ಹುಡುಗನ ಬಗ್ಗೆ ನಮಗೆ ಅಭಿಮಾನವೇ ಇದೆ. ಆದರೆ ಹವಳವನ್ನು ಯಾವ ಬಂಡವಾಳಗಾರನೂ ಬೆಳೆಸಲಿಲ್ಲ. ದಾರಿಯನ್ನು ಕಂಡುಹಿಡಿದವನೂ ಅವನಲ್ಲ. ತಾಂಡೇಲರ ನಲವತ್ತು ವರ್ಷದ ವಿದ್ಯೆಗೆ ದಿನಗೂಲಿ, ಮುಖವಾಡದ ಒಡೆಯನಿಗೆ ಲಾಭವೆಲ್ಲ ಎಂಬ ಲೆಕ್ಕವನ್ನು ಯಾರು ಬರೆದರು?

‘ಉಳುವವನೇ ಹೊಲದೊಡೆಯ’ ಎಂಬ ಕೂಗನ್ನು ಈ ನಾಡು ಕೇಳಿದೆ. 1974ರ ಭೂಸುಧಾರಣೆಯಿಂದ ನಮ್ಮ ಕರಾವಳಿಯ ಸಾವಿರಾರು ಗೇಣಿದಾರರ ಹೆಸರು ಪಹಣಿಗೆ ಬಂತು. ಕಡಲಿಗೆ ಮಾತ್ರ ಪಹಣಿಯಿಲ್ಲ. ಅಲ್ಲಿ ತಲೆಮಾರುಗಳಿಂದ ದುಡಿದವನು ಯಾವ ಕಚೇರಿಗೆ ಹೋಗಿ ‘ಇದು ನನ್ನ ಸಾಗುವಳಿ’ ಎಂದು ಅರ್ಜಿ ಕೊಡಬೇಕು? ಆದ್ದರಿಂದಲೇ ಕಡಲನ್ನು ಅವನ ಕೈಯಿಂದ ಜಾರಿಸುವುದು ಬಹಳ ಸುಲಭ. ಒಮ್ಮೆ ಹಾಗೆ ಆಗಿಯೂ ಹೋಗಿದೆ.

ರಂಪಣಿಯ ಕತೆ ಇಂದಿನ ತರುಣರಿಗೆ ಗೊತ್ತಿರಲಿಕ್ಕಿಲ್ಲ. ದಡದಿಂದ ಅರ್ಧಚಂದ್ರದಂತೆ ಬಿಟ್ಟು ಹತ್ತಾರು ಜನ ಎರಡೂ ತುದಿಯಿಂದ ಎಳೆಯುತ್ತಿದ್ದ ಆ ಮಹಾಬಲೆಗೆ ಊರೇ ಬೇಕಾಗುತ್ತಿತ್ತು. ಬಂದ ಬಂಗಡೆ, ತಾರ್ಲೆಯನ್ನು ಪಾಲಿನ ಮೇಲೆ ಹಂಚುತ್ತಿದ್ದರು. ಬಲೆಗೆ ಇಷ್ಟು ಪಾಲು, ದೋಣಿಗೆ ಇಷ್ಟು, ಹಗ್ಗ ಹಿಡಿದವನಿಗೆ ಇಷ್ಟು. ಅದರಲ್ಲೂ ಯಜಮಾನಿಕೆಯಿತ್ತು, ಮೋಸವಿತ್ತು, ರಾಮರಾಜ್ಯವೇನೂ ಆಗಿರಲಿಲ್ಲ. ಆದರೂ ಎಳೆದವನಿಗೆ ಸಿಕ್ಕಿದ್ದು ಕೂಲಿಯಲ್ಲ, ಪಾಲು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದು, ದಡಕ್ಕೆ ಬರುವ ಮೀನಿನ ಹಿಂಡನ್ನು ಹೊರಗಡಲಲ್ಲೇ ಸುತ್ತುವರಿದು ಎತ್ತತೊಡಗಿದವು. ಕೆಲವೇ ವರುಷಗಳಲ್ಲಿ ರಂಪಣಿ ದಡದಲ್ಲಿ ಒಣಗಿತು. ಮೀನುಗಾರರು ಬೀದಿಗಿಳಿದರು, ಗಲಭೆಗಳಾದವು. ಕರ್ನಾಟಕದ ಸಾಗರ ಮೀನುಗಾರಿಕೆ ನಿಯಂತ್ರಣ ಕಾನೂನು ಬಂದದ್ದು 1986ರಲ್ಲಿ. ಅಷ್ಟರಲ್ಲಿ ಪಾಲುದಾರರು ಆಳುಗಳಾಗಿಬಿಟ್ಟಿದ್ದರು. ಮೀನಿನಲ್ಲಿ ಆದದ್ದು ಈಗ ಮೀನನ್ನು ನೋಡುವ ವ್ಯಾಪಾರದಲ್ಲಿ ಆಗುತ್ತಿದೆ.

ನೇತ್ರಾಣಿಯ ಮೇಲೆ ಅಪ್ಪಣೆ ನಡೆಸಿದವರು ಮೊದಲೂ ಇದ್ದರು. ಹಿಂದೆ ನೌಕಾಪಡೆ ಈ ದ್ವೀಪವನ್ನೇ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸುತ್ತಿತ್ತು. ಆಗಲೂ ಮೀನುಗಾರನನ್ನು ಯಾರೂ ಕೇಳಲಿಲ್ಲ.

ಪ್ರವಾಸಿಗಳೇ ಬರಬಾರದೆಂದು ನಮ್ಮ ವಾದವೇ? ಖಂಡಿತ ಅಲ್ಲ. ನಾವೇ ಹೋಗಿ ಸುಖಪಟ್ಟು ಬಂದು ಉಳಿದವರಿಗೆ ಬಾಗಿಲು ಹಾಕಿರೆಂದರೆ ಅದು ಠಕ್ಕುತನ. ಹವಳಕ್ಕೆ ಪ್ರವಾಸಿಯೇ ದೊಡ್ಡ ವೈರಿ ಎಂಬುದೂ ಸುಳ್ಳು. ನೀರು ತನ್ನ ಬೇಸಿಗೆಯ ಮಾಮೂಲು ಬಿಸಿಗಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೆಯೇ ನಿಂತರೆ ಸಾಕು, ಹವಳ ತನ್ನೊಳಗಿನ ಪಾಚಿಯನ್ನು ಹೊರದೂಡಿ ಬಿಳುಚಿಕೊಳ್ಳುತ್ತದೆ. ಬಿಸಿ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. 1998, 2010, 2016ರಲ್ಲಿ ಲೋಕದ ಕಡಲುಗಳಲ್ಲಿ ಹೀಗಾಯಿತು. 2024ರಲ್ಲಿ ನಮ್ಮ ನೆರೆಯ ಲಕ್ಷದ್ವೀಪದಲ್ಲೂ ಮತ್ತೆ ಆಯಿತು. ಆ ಬಿಸಿಗೆ ಕಾರಣವಾದ ಹೊಗೆಯನ್ನು ಬಿಟ್ಟವರು ಭಟ್ಕಳ ತಾಲೂಕಿನ ಮೀನುಗಾರರಲ್ಲ. ಆದರೆ ಈಗಾಗಲೇ ಬಳಲಿದ ಜೀವಕ್ಕೆ ಪ್ರತಿದಿನ ಲಂಗರಿನ ಏಟು, ರಬ್ಬರ್ ಪಾದದ ಒದೆತ, ಮೈಗೆ ಬಳಿದುಕೊಂಡ ಬಿಸಿಲಿನ ಮುಲಾಮು ಸೇರಿದರೆ ಅದು ಚೇತರಿಸಿಕೊಳ್ಳುವುದೆಂತು?

ಹೊರಗಿನವರು ಪಟ್ಟ ಪಾಡನ್ನು ನೋಡಿಯಾದರೂ ಕಲಿಯಬೇಕು. ಥಾಯ್ಲೆಂಡಿನ ಪೀಪೀ ದ್ವೀಪಗಳಲ್ಲಿ ಮಾಯಾ ಕೊಲ್ಲಿ ಎಂಬ ಚಿಕ್ಕ ಕೊಲ್ಲಿಯಿದೆ. ಅಲ್ಲಿ ಚಿತ್ರೀಕರಿಸಿದ ಒಂದು ಹಾಲಿವುಡ್ ಚಿತ್ರ 2000ದಲ್ಲಿ ತೆರೆಗೆ ಬಂದದ್ದೇ ತಡ, ಲೋಕವೆಲ್ಲ ಅತ್ತ ನುಗ್ಗಿತು. ಕೊನೆಗೆ ದಿನಕ್ಕೆ ಐದು ಸಾವಿರದವರೆಗೆ ಜನ, ನೂರಾರು ದೋಣಿ. ಹವಳ ಬಹುಪಾಲು ನಾಶವಾದ ಮೇಲೆ, 2018ರ ಜೂನಿನಲ್ಲಿ ಸರಕಾರ ಕೊಲ್ಲಿಯನ್ನು ಮುಚ್ಚಿತು. ನಾಲ್ಕು ತಿಂಗಳೆಂದು ಮುಚ್ಚಿದ್ದು 2022ರ ಜನವರಿಯವರೆಗೆ ತೆರೆಯಲಿಲ್ಲ. ಈಗ ದೋಣಿಗಳು ಕೊಲ್ಲಿಯೊಳಗೆ ಬರುವಂತಿಲ್ಲ, ದ್ವೀಪದ ಹಿಂಬದಿಯಲ್ಲಿ ಇಳಿಸಬೇಕು. ಮಳೆಗಾಲದಲ್ಲಿ ಎರಡು ತಿಂಗಳು ಪೂರ್ತಿ ವಿರಾಮ. ಅಂದಮಾನಿನ ವಂಡೂರಿನಲ್ಲಿ 1983ರಲ್ಲಿ ಸ್ಥಾಪಿಸಿದ ಮಹಾತ್ಮಾ ಗಾಂಧಿ ಕಡಲ ಉದ್ಯಾನದಲ್ಲಿ ಇನ್ನೂ ಮುಂಚಿನಿಂದ ಒಂದು ಜಾಣತನವಿದೆ: ಜಾಲಿಬಾಯ್ ದ್ವೀಪ ತೆರೆದಿರುವಾಗ ರೆಡ್‌ಸ್ಕಿನ್ ದ್ವೀಪಕ್ಕೆ ವಿರಾಮ, ಅದು ತೆರೆದಾಗ ಇದಕ್ಕೆ. ನಮ್ಮ ರೈತರು ಗದ್ದೆಗೆ ಬೀಡು ಬಿಡುವಂತೆ.

ಆದರೆ ನಮ್ಮ ಮನಸ್ಸಿಗೆ ಹತ್ತಿರವಾದದ್ದು ಫಿಲಿಪ್ಪೀನ್ಸಿನ ಆಪೋ ಎಂಬ ಪುಟ್ಟ ದ್ವೀಪದ ಉದಾಹರಣೆ. ಮೀನು ಕಡಿಮೆಯಾಗುತ್ತ ಬಂದಾಗ, ಸಿಲಿಮಾನ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಏಂಜೆಲ್ ಅಲ್ಕಾಲ ಮತ್ತು ಅವರ ಸಂಗಡಿಗರು ಅಲ್ಲಿಯ ಮೀನುಗಾರರೊಡನೆ ಕೂತು ಮಾತಾಡಿದರು. 1982ರಲ್ಲಿ ಊರವರೇ ಹವಳದ ದಂಡೆಯ ಒಂದು ಭಾಗವನ್ನು ಮೀನು ಹಿಡಿಯದ ಜಾಗವೆಂದು ಕಟ್ಟು ಮಾಡಿ, ತಾವೇ ಕಾವಲು ನಿಂತರು. ಒಳಗೆ ಮೀನು ಹೆಚ್ಚಿತು, ಹೆಚ್ಚಿದ ಮೀನು ಹೊರಗೂ ಹರಿಯಿತು. ಮೀನು ಹೆಚ್ಚಿದ್ದನ್ನು ನೋಡಲು ಮುಖವಾಡದವರು ಬಂದರು. ಅವರು ತೆತ್ತ ಶುಲ್ಕ ದ್ವೀಪದ ಉಪಯೋಗಕ್ಕೂ ಬಂತು. ಅಲ್ಕಾಲ ಅವರಿಗೆ 1992ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆತದ್ದು ಈ ಬಗೆಯ ಕೆಲಸಕ್ಕಾಗಿಯೇ. ಮುಂದೆ 1994ರಲ್ಲಿ ಆಪೋ ರಾಷ್ಟ್ರಮಟ್ಟದ ಸಂರಕ್ಷಿತ ಪ್ರದೇಶವಾದಾಗ ಆಡಳಿತದ ಹಗ್ಗ ಊರವರ ಕೈಯಿಂದ ಸ್ವಲ್ಪ ಸಡಿಲವಾಯಿತು. ಅದಕ್ಕೆ ಅವರ ಅಸಮಾಧಾನವೂ ಇತ್ತು. ರಾಜಧಾನಿಗಳ ಚಾಳಿ ಎಲ್ಲ ಕಡೆಯೂ ಒಂದೇ.

ನೇತ್ರಾಣಿಯಲ್ಲೂ ಹೀಗೇಕಾಗಬಾರದು? ದ್ವೀಪಕ್ಕೆ ಜನರನ್ನು ಕರೆದೊಯ್ಯುವ ಪರವಾನಿಗೆ ಮೊದಲು ಆ ದಂಡೆಯ ಮೀನುಗಾರರ ಸಹಕಾರಿ ಸಂಘಕ್ಕೆ ಸಿಗತಕ್ಕದ್ದು. ಬಂಡವಾಳ ಬೇಕೆಂದರೆ ಸರಕಾರ ಸಾಲ ಕೊಡಲಿ; ಬೋಟುಗಳ ಡೀಸೆಲಿಗೆ ವರ್ಷವರ್ಷವೂ ರಿಯಾಯಿತಿ ಕೊಡುವ ಸರಕಾರಕ್ಕೆ ಐವತ್ತು ಮುಖವಾಡಗಳ ಖರ್ಚು ಭಾರವೇ? ಈಗಿರುವ ಸಂಸ್ಥೆಗಳು ತರಬೇತಿ ಕೊಡುವವರಾಗಿ, ಪಾಲುದಾರರಾಗಿ ಇರಬಹುದು, ಒಡೆಯರಾಗಿ ಅಲ್ಲ. ಹಣದ ಹಂಚಿಕೆ ರಂಪಣಿಯ ಲೆಕ್ಕದಲ್ಲೇ ಆಗಲಿ: ದೋಣಿಗೆ ಪಾಲು, ಸಾಮಾನಿಗೆ ಪಾಲು, ತಾಂಡೇಲನಿಗೆ ಪಾಲು, ನೀರಿಗಿಳಿಯುವ ಹುಡುಗನಿಗೆ ಪಾಲು, ಮಳೆಗಾಲದ ಎರಡು ತಿಂಗಳಿಗೆಂದು ಎತ್ತಿಟ್ಟ ಒಂದು ಪಾಲು. ಹವಳದ ಮೇಲೆ ಲಂಗರು ಎಸೆಯುವುದು ನಿಲ್ಲಬೇಕು. ತಳದ ಮರಳಿನಲ್ಲಿ ಕಾಂಕ್ರೀಟಿನ ಗುಂಡು ಇಳಿಸಿ, ಹಗ್ಗ ಕಟ್ಟಿ, ಮೇಲೆ ತೇಲುಬುರುಡೆ ಬಿಟ್ಟರೆ ದೋಣಿ ಅದಕ್ಕೇ ಕಟ್ಟಿ ನಿಲ್ಲುತ್ತದೆ. ಇದೇನು ಚಂದ್ರಲೋಕದ ವಿದ್ಯೆಯಲ್ಲ. ದಿನಕ್ಕೆ ಎಷ್ಟು ಜನ ಎಂಬುದನ್ನು ಕಡಲ ವಿಜ್ಞಾನಿಗಳೂ ಮೀನುಗಾರರೂ ಒಟ್ಟಿಗೆ ಕೂತು ಗೊತ್ತುಮಾಡಿ, ಬಂದರಿನ ಫಲಕದಲ್ಲಿ ಎಲ್ಲರಿಗೂ ಕಾಣುವಂತೆ ಬರೆದು ಹಾಕಲಿ.

‘ಮೀನುಗಾರರ ಕೈಗೆ ಕೊಟ್ಟರೆ ಸುರಕ್ಷತೆಯ ಗತಿಯೇನು?’ ಎಂದು ಅಧಿಕಾರವರ್ಗ ಕೇಳುವುದು ನಮಗೆ ಗೊತ್ತು. ಪ್ರಶ್ನೆ ಹಗುರವಲ್ಲ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಹೊರಲಾರದಷ್ಟು ಜನರನ್ನು ಹತ್ತಿಸಿದ್ದ ದೋಣಿ ಅದು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ದಂಡೆಯಲ್ಲೇ ಅಲೆಗೆ ಸಿಕ್ಕಿ ತೀರಿಕೊಂಡರು. ಅವರ ತಾಯ್ತಂದೆಗಳ ಮುಖವನ್ನು ಪತ್ರಿಕೆಗಳಲ್ಲಿ ಕಂಡವರು ಮರೆಯುವಂತಿಲ್ಲ. ಇಂಥ ದುರಂತವಾದ ಮೇಲೆ ಒಂದಷ್ಟು ದಿನ ಕಡಲಿಗೆ ಇಳಿಯುವುದನ್ನೇ ನಿಷೇಧಿಸಿ, ಹಗ್ಗ ಕಟ್ಟಿ, ಫಲಕ ಹಾಕುವುದು ವಾಡಿಕೆ. ಆದರೆ ಕಡಲಿನ ಸ್ವಭಾವ ಬಲ್ಲವರು ದಡದಲ್ಲಿ ಸಂಬಳ ಪಡೆದು ನಿಂತಿರಬೇಕಾದದ್ದು ದುರಂತಕ್ಕೆ ಮೊದಲು. ಎಷ್ಟು ಜನರನ್ನು ಹೊರಬಹುದು, ಯಾವ ಗಾಳಿಗೆ ಹೊರಡಬಾರದು ಎಂದು ತೀರ್ಮಾನಿಸುವ ಅಧಿಕಾರ ತಾಂಡೇಲನಿಗೆ ಬೇಕು. ದಿನಗೂಲಿಯವನು ‘ಇಂದು ಹೋಗುವುದು ಬೇಡ’ ಎಂದರೆ ನಾಳೆ ಇನ್ನೊಬ್ಬ ಬರುತ್ತಾನೆ. ಪಾಲುದಾರ ಹಾಗೆಂದರೆ ದೋಣಿ ದಡದಲ್ಲೇ ನಿಲ್ಲುತ್ತದೆ.

ಇನ್ನೊಂದು ಆಕ್ಷೇಪವನ್ನು ನಮ್ಮ ಸಂಗಾತಿಗಳೇ ಎತ್ತಿದರು. ಸಹಕಾರಿ ಸಂಘವೆಂದರೆ ಕೊನೆಗೆ ಅಧ್ಯಕ್ಷರ ಮನೆಯ ಜಗುಲಿ, ಅಳಿಯನ ನೌಕರಿ, ಚುನಾವಣೆಯ ಸಾರಾಯಿ ಎಂದು. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಅಂಥ ಸಂಘಗಳನ್ನು ಸಾಕಷ್ಟು ನೋಡಿದ್ದೇವೆ, ಅವುಗಳ ವಿರುದ್ಧ ಇದೇ ಪುಟದಲ್ಲಿ ಬರೆದೂ ಇದ್ದೇವೆ. ಲೆಕ್ಕವನ್ನು ತಿಂಗಳಿಗೊಮ್ಮೆ ದಂಡೆಯ ಮೇಲೆ ಎಲ್ಲರೆದುರು ಓದಬೇಕು, ಮೀನು ಮಾರುವ ಹೆಂಗಸರಿಗೂ ಆಡಳಿತ ಮಂಡಳಿಯಲ್ಲಿ ಸ್ಥಾನವಿರಬೇಕು. ಬುಟ್ಟಿಯ ಮೀನಿಗೆ ನಯಾಪೈಸೆ ಬಿಡದೆ ಲೆಕ್ಕ ಹೇಳುವವರು ಅವರು. ಅವರ ಮುಂದೆ ಸುಳ್ಳು ಲೆಕ್ಕ ಓದಿ ಪಾರಾಗುವ ಅಧ್ಯಕ್ಷ ಇನ್ನೂ ಹುಟ್ಟಿಬರಬೇಕು.

ಇದೆಲ್ಲಕ್ಕೂ ಪರವಾನಿಗೆ, ಸಾಲ, ಸಮಿತಿ, ಸಭೆ ಎಂದು ಕಾಲ ಹಿಡಿಯಬಹುದು. ಕಾಲ ಹಿಡಿಯದ ಒಂದು ಕೆಲಸವಿದೆ. ಬರುವ ಹಂಗಾಮಿನಲ್ಲಿ, ಅಕ್ಟೋಬರ್ ಕಳೆದು ನೀರು ತಿಳಿಯಾದ ಮೇಲೆ, ತಿಂಗಳಿಗೆ ಒಂದು ದಿನವನ್ನು ಗಿರಾಕಿಗಳಿಗಲ್ಲದೆ ದಂಡೆಯ ಮೀನುಗಾರ ಕುಟುಂಬಗಳಿಗೂ ಸರಕಾರಿ ಶಾಲೆಗಳ ಮಕ್ಕಳಿಗೂ ಮೀಸಲಿಡುವಂತೆ ಜಿಲ್ಲಾಡಳಿತ ಅಪ್ಪಣೆ ಕೊಡಿಸಲಿ. ಅಂದು ಎರಡನೆಯ ತಾಂಡೇಲನೊಬ್ಬ ಚುಕ್ಕಾಣಿ ಹಿಡಿಯಲಿ. ಈ ಬೇಡಿಕೆಯ ಮನವಿಯನ್ನು ನಾವು ಬರೆದಿಟ್ಟಿದ್ದೇವೆ. ಸಹಿ ಹಾಕುವವರು ನಮ್ಮ ಕಚೇರಿಗೆ ಬರಬಹುದು; ಬರಲಾಗದವರು ಸಂತೆಯ ದಿನ ಬಂದರಿನಲ್ಲಿ ನಮ್ಮ ಸಂಗಾತಿಗಳನ್ನು ಕಾಣಬಹುದು. ಮೊದಲ ಸಹಿ ಆ ತಾಂಡೇಲರದು. ಮೊಮ್ಮಗಳ ಕೈಯಿಂದ ಹೆಸರು ಬರೆಸಿ, ಕೆಳಗೆ ಹೆಬ್ಬೆಟ್ಟು ಒತ್ತಿದ್ದಾರೆ.